ಇಬ್ಬರ ದನಿಯ ಒಲೆ

ಸೀಮೆಎಣ್ಣೆಯ ವಾಸನೆ ಎಂದರೆ ವಾರಿಜಕ್ಕನಿಗೆ ಬಾಲ್ಯ. ಆಗ ಅಮ್ಮ ಒಬ್ಬಳೇ ಸ್ಟವ್ ಹಚ್ಚುತ್ತಿದ್ದಳು. ಈಗಿನ ಒಲೆಗಳು ಇಬ್ಬರು ಮನಸಾರೆ "ಸೇರಿ ಮಾಡೋಣ" ಎಂದರೆ ಮಾತ್ರ ಹೊತ್ತಿಕೊಳ್ಳುತ್ತವೆ.

ಒಂಟಿಯಾದ ವಾರಿಜಕ್ಕನಿಗೆ ದಿನವೂ ದನಿಗೂಡಿಸುತ್ತಿದ್ದವಳು ಪಕ್ಕದ ಮನೆಯ ಕಮಲಾಕ್ಷಿ. ಇಬ್ಬರೂ ಕೂಡಿ ಹಾಕಿದ್ದ ಹಪ್ಪಳವನ್ನು ನಿನ್ನೆ ನೆಂಟರೆದುರು ವಾರಿಜಕ್ಕ "ನಾನು ಮಾಡಿದ್ದು" ಎಂದಿದ್ದಳು. ಇವತ್ತು ಕಮಲಾಕ್ಷಿ ಬರಲಿಲ್ಲ. ಸಕ್ಕರೆ ಕಾಯಿಲೆಯ ವಾರಿಜಕ್ಕನ ಮೈ ಹಸಿವಿಗೆ ನಡುಗುತ್ತಿತ್ತು. ಹೊಸ್ತಿಲವರೆಗೆ ಹೋಗಿ ಹೋಗಿ ಮರಳಿದವಳು ಕೊನೆಗೆ ಕಮಲಾಕ್ಷಿಯ ಬಾಗಿಲು ತಟ್ಟಿದಳು.

"ತಪ್ಪಾಯ್ತು ಕಣೇ. ಒಂದ್ಸಲ ಬಂದು 'ಸೇರಿ ಮಾಡೋಣ' ಅಂದ್ಬಿಡು."

"ಬಂದ್ರೂ ಉರಿಯಲ್ಲ ವಾರಿಜಕ್ಕ. ಸಿಟ್ಟಿನ್ನೂ ಇಳಿದಿಲ್ಲ. ಒಲೆಗೆ ಸುಳ್ಳು ಹೇಳಕ್ಕಾಗತ್ತಾ?"

ವಾರಿಜಕ್ಕ ತಲೆತಗ್ಗಿಸಿ ತಿರುಗಿದಳು. ಕಮಲಾಕ್ಷಿ ಸೆರಗು ಹಿಡಿದು ನಿಲ್ಲಿಸಿ, ಗಂಡನೊಂದಿಗೆ ಒಲೆ ಹಚ್ಚಿ ಮಾಡಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಅವಳ ಕೈಗಿಟ್ಟಳು.