ಹತ್ತನೆಯ ಸಾಲು

ಒಟ್ಟು ಅಂಕ ತೊಂಬತ್ತಕ್ಕೇ ನಿಂತಿತ್ತು. ಬಾಲಸುಬ್ರಹ್ಮಣ್ಯರಿಗೆ ಅದು ಸರಿಬರಲಿಲ್ಲ. ಬೆಳಗಿನ ವಾಕಿಂಗಿನಲ್ಲಿ ಒಂಬತ್ತು ಸಾವಿರದ ಒಂಬೈನೂರು ಹೆಜ್ಜೆಯಾಗಿದ್ದರೆ, ಲಿಫ್ಟಿನ ಮುಂದೆ ನಿಂತಲ್ಲೇ ಇನ್ನೂ ನೂರು ಹೆಜ್ಜೆ ಹಾಕಿ ಮನೆ ಸೇರುವ ಮನುಷ್ಯ ಅವರು. ಮೈಸೂರಿನಲ್ಲಿದ್ದಾಗಲೂ ಹಾಗೇ, ಮಸ್ಕತ್ತಿಗೆ ಬಂದು ಹದಿನೆಂಟು ವರ್ಷವಾದರೂ ಹಾಗೇ.

ನಗರದ ಬೌಷರ್ ಭಾಗದ ಆಹಾರ ಸಾಮಗ್ರಿ ಕಂಪನಿಯೊಂದರಲ್ಲಿ ಅವರು ಐಟಿ ಮ್ಯಾನೇಜರ್. ಅಲ್ಲಿನ ಆರು ಸರ್ವರುಗಳನ್ನು ಅರವತ್ತು ಸರ್ವರುಗಳಂತೆ ದುಡಿಸುತ್ತಿದ್ದ ಸಾಫ್ಟ್‌ವೇರಿನ ಲೈಸೆನ್ಸು ಮುಗಿಯುತ್ತಿತ್ತು, ಹೊಸದನ್ನು ಆರಿಸಬೇಕಿತ್ತು. ಜರಡಿ ಹಿಡಿದು ಕೊನೆಗೆ ಉಳಿದದ್ದು ಎರಡು. ಒಂದು ದುಬೈಯ ಕಂಪನಿಯದು. ಅವರೇ ಅಲ್ಲಿ ಕೂತು ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಇನ್ನೊಂದು ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದದ್ದು; ಆದರೆ ನೋಡಿಕೊಳ್ಳುವವರು ಇಲ್ಲಿನವರೇ ಆಗಬೇಕು. ಹನ್ನೆರಡು ವರ್ಷದಿಂದ ಸರ್ವರುಗಳ ಉಸ್ತುವಾರಿ ನೋಡುತ್ತಿದ್ದ ಪುತ್ತೂರಿನ ಅಂಗಾರ, ಈ ಎರಡನೆಯದನ್ನು ಬರ್ಕಾದ ಗೋಡೌನಿನಲ್ಲಿ ಮೂಲೆ ಸೇರಿದ್ದ ಎರಡು ಹಳೆಯ ಯಂತ್ರಗಳಿಗೆ ಹಾಕಿ ಮೂರು ತಿಂಗಳು ಓಡಿಸಿ ನೋಡಿದ್ದ. ರಜೆಯ ಶನಿವಾರವೂ ಅಲ್ಲಿಗೆ ಹೋಗಿ, ಕೂಸನ್ನು ನೋಡಿ ಬಂದಂತೆ ನೋಡಿ ಬರುತ್ತಿದ್ದ.

ಎರಡನ್ನೂ ಹೋಲಿಸಲು ಬಾಲಸುಬ್ರಹ್ಮಣ್ಯರು ಒಂದು ಪಟ್ಟಿ ಮಾಡಿದ್ದರು. ವೇಗ, ಭದ್ರತೆ, ಬ್ಯಾಕಪ್ಪು ಎಂದು ಒಂಬತ್ತು ಸಾಲು, ಸಾಲಿಗೆ ಹತ್ತು ಅಂಕ. ತೊಂಬತ್ತಕ್ಕೆ ಇಷ್ಟು ಎಂದು ಜನರಲ್ ಮ್ಯಾನೇಜರರ ಮುಂದೆ ಇಡುವುದೇ? ನೂರಾದರೆ ನೋಡಲು ಲಕ್ಷಣ. ಚಹಾ ಮುಗಿಯುವುದರೊಳಗೆ ಇನ್ನೊಂದು ಸಾಲು ಹೊಳೆಯಿತು: ‘ನೋಡಿಕೊಳ್ಳಲು ಬೇಕಾಗುವ ಸಿಬ್ಬಂದಿ’.

“ಅಂಗಾರ, ಕೊನೇಲಿ ಒಂದು ಸಾಲು ಜಾಸ್ತಿ ಹಾಕಿದೀನಿ. ಎಲ್ಲಕ್ಕೂ ನೀವೇ ಅಂಕ ತುಂಬಿಸಿ ಕೊಟ್ಬಿಡಿ. ಓಡಿಸಿ ನೋಡಿರೋರು ನೀವು.”

ಅಂಗಾರ ಆ ಸಾಲನ್ನು ಓದಿದ. ಇನ್ನೊಮ್ಮೆ ಓದಿ ಅವರ ಮುಖ ನೋಡಿದ.

“ಇದು ಬೇಕಾ ಸರ್?”

“ಇರ್ಲಿ ಬಿಡಿ, ಇದ್ರೆ ಚೆನ್ನಾಗಿರತ್ತೆ.”

“ಆಯ್ತು ಸರ್” ಎಂದ ಅಂಗಾರ. ಸಂಜೆಯೊಳಗೆ ಪಟ್ಟಿ ತುಂಬಿ ಬಂತು.

ಜನರಲ್ ಮ್ಯಾನೇಜರ್ ಒಮಾನಿ, ಮಾತು ಕಡಿಮೆ. ನೇರವಾಗಿ ಕೊನೆಯ ಮೊತ್ತ ನೋಡಿದರು. ದುಬೈಯವರದು ಎಂಬತ್ತೊಂದು, ಇನ್ನೊಂದು ಎಪ್ಪತ್ತೆಂಟು. ಅಲ್ಲಿಂದ ಅವರ ಬೆರಳು ಒಂದೇ ಒಂದು ಸಾಲು ಮೇಲೆ ಸರಿದು ನಿಂತಿತು.

“ಇದಕ್ಕೆ ಒಬ್ಬ ಬೇಕು, ದುಬೈಯವರದಕ್ಕೆ ಯಾರೂ ಬೇಡ. ಆ ಒಬ್ಬ ಅಂಗಾರ, ಅಲ್ಲವೇ?”

“ಹೌದು” ಎಂದರು ಬಾಲಸುಬ್ರಹ್ಮಣ್ಯರು. ಎಂದ ಮೇಲಷ್ಟೇ ಅಂಗಾರನ ಕೆಲಸ ಹೋಗುತ್ತದೆಂದು ಹೊಳೆಯಿತು. ಬರ್ಕಾದಲ್ಲೋ ಇಬ್ರಿಯ ಶಾಖೆಯಲ್ಲೋ ಅವನಿಗೊಂದು ಜಾಗ ಕೊಡಿ ಎನ್ನಬಹುದಿತ್ತು. ಆ ಸಾಲನ್ನು ಸುಮ್ಮನೆ ಹಾಕಿದ್ದು ಎಂದೂ ಹೇಳಬಹುದಿತ್ತು. ತಾವೇ ಮಾಡಿದ ಪಟ್ಟಿಯನ್ನು ತಾವೇ ಅಲ್ಲಗಳೆದರೆ ಏನು ಮರ್ಯಾದೆ ಎಂದು ಯೋಚಿಸುತ್ತಿದ್ದಂತೆ, “ಖಲಾಸ್” ಎಂದು ಸಹಿ ಬಿತ್ತು.

ಕೆಲಸದಿಂದ ತೆಗೆದ ಪತ್ರ ಕೈಸೇರಿದ ದಿನ ಅಂಗಾರ ಅವರ ಕೋಣೆಗೆ ಬಂದ. ಬೈದರೆ ಬೈಯಿಸಿಕೊಳ್ಳುವುದು ಎಂದು ಬಾಲಸುಬ್ರಹ್ಮಣ್ಯರು ಗಟ್ಟಿಯಾಗಿ ಕೂತರು.

“ನಿಮಗೊಂದು ಥ್ಯಾಂಕ್ಸ್ ಹೇಳ್ಲಿಕ್ಕಿತ್ತು ಸರ್. ಆ ಹತ್ತನೇ ಸಾಲು ನೋಡಿದಾಗ್ಲೇ ನನಗೆ ಗೊತ್ತಾಯ್ತು. ಬಾಯಿಬಿಟ್ಟು ಹೇಳ್ಲಿಕ್ಕೆ ನಿಮಗೆ ಕಷ್ಟ ಆಯ್ತು ಅಂತ ಕಾಣ್ತದೆ. ಬೇರೆಯವರಾಗಿದ್ರೆ ಲೆಟರ್ ಬರುವವರೆಗೂ ಹೇಳ್ತಿರ್ಲಿಲ್ಲ. ನೀವು ಹೀಗೆ ತಿಳಿಸಿದ್ದು ಒಳ್ಳೇದಾಯ್ತು, ಅವತ್ತೇ ಊರಿಗೆ ಫೋನ್ ಮಾಡಿ ಮಗಳು ಸೌಮ್ಯಶ್ರೀಗೆ ಒಂದು ಶಾಲೆ ನೋಡಿ ಅಂತ ಹೇಳಿದೆ. ಮಾರ್ಚಿಗೆ ಅವಳ ಎಂಟನೇದು ಇಲ್ಲಿ ಮುಗೀತದೆ.”

“ಆ ಸಾಲಿಗೆ ನೀವು ಬೇರೆ ತರ ಅಂಕ ಕೊಡಬಹುದಿತ್ತಲ್ಲ, ಅಂಗಾರ?”

“ಹೇಗೆ ಕೊಡುದು ಸರ್? ಒಬ್ಬ ಬೇಕೇ ಬೇಕು. ಬೇಡ ಅಂತ ಬರೆದ್ರೆ ಸುಳ್ಳಾಗ್ತದೆ. ನೀವು ಅಷ್ಟು ಯೋಚನೆ ಮಾಡಿ ಹಾಕಿದ ಮೇಲೆ ನಾನು ಯಾಕೆ ಅಡ್ಡ ಬರುದು?”

ಯೋಚನೆಯನ್ನೇ ಮಾಡಿರಲಿಲ್ಲ, ನೂರು ತುಂಬಲಿ ಎಂದು ಹಾಕಿದ್ದು ಎಂದು ಹೇಳಲು ಅವರು ಬಾಯಿ ತೆರೆದರು. ಹೇಳಿದರೆ ಅಂಗಾರನಿಗೆ ಉಳಿದ ಒಂದು ಸಮಾಧಾನವೂ ಹೋಗುತ್ತದೆ. ಹೇಳದಿದ್ದರೆ ತಾವು ಅವನ ಕಣ್ಣಲ್ಲಿ ದೊಡ್ಡವರಾಗಿಯೇ ಉಳಿಯುತ್ತಾರೆ. ಇವೆರಡರಲ್ಲಿ ಯಾವುದಕ್ಕಾಗಿ ಬಾಯಿ ಮುಚ್ಚಿಕೊಂಡರೋ ಅವರಿಗೇ ತಿಳಿಯಲಿಲ್ಲ. ನಾಚಿಕೆ ಮಾತ್ರ ಆಯಿತು, ಎದುರಿದ್ದವನ ಮುಖ ನೋಡಲಾಗದಷ್ಟು.

ಅಂಗಾರ ಗೋಡೌನಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. “ಬರ್ಕಾದ ಆ ಎರಡು ಮೆಷಿನ್ ಇನ್ನೂ ಓಡ್ತಾ ಉಂಟು ಸರ್. ಆಫ್ ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ನೀವೇ ಮಾಡಿ.”

ಅವನು ಹೋದ ಮೇಲೆ ಬಾಲಸುಬ್ರಹ್ಮಣ್ಯರು ಪಟ್ಟಿಯನ್ನು ತೆರೆದು ಹತ್ತನೆಯ ಸಾಲನ್ನು ಅಳಿಸಿದರು. ಕೆಳಗೆ ಮೊತ್ತಗಳು ತಾವಾಗಿಯೇ ಬದಲಾದವು. ತೊಂಬತ್ತಕ್ಕೆ ದುಬೈಯವರದು ಎಪ್ಪತ್ತೊಂದು. ಅಂಗಾರನದು ಎಪ್ಪತ್ತಾರು.

ಪಟ್ಟಿಯನ್ನು ಮುಚ್ಚಲು ಹೋದಾಗ, ಬದಲಾವಣೆಯನ್ನು ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಅವರು ‘ಬೇಡ’ ಎಂಬಲ್ಲಿ ಒತ್ತಿದರು.