ತೆರೆಯದ ಕೋಟೆಬಾಗಿಲು

ಹಳೆಯ ಕಂಪ್ಯೂಟರ್ ಆಟವೊಂದರ ಕೊನೆಯ ಭಾಗವನ್ನು ಸುವರ್ಣಾ ಮತ್ತೆ ಆಡತೊಡಗಿದ್ದಳು. ಮೊದಲಿನ ಭಾಗಗಳೆಲ್ಲ ಸೊಗಸಾಗಿದ್ದವು. ಇದನ್ನು ಮಾತ್ರ ಅವಸರದಲ್ಲಿ ತಯಾರಿಸಿ, ತಪ್ಪುಗಳ ಸಮೇತ ಮಾರಿದ್ದರು. ನಾಯಕಿ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಿದ್ದಳು, ಸತ್ತ ರಾಕ್ಷಸ ಎದ್ದು ಬಂದು ಕುಶಲ ಕೇಳುತ್ತಿದ್ದ. ಕೋಟೆಯ ಬಾಗಿಲಂತೂ ಕೀಲಿಕೈ ಹಾಕಿ ತಿರುಗಿಸಿದರೂ ತೆರೆಯುತ್ತಿರಲಿಲ್ಲ.

ಆಟಗಾರರ ಗುಂಪಿನಲ್ಲಿ ಸಹಾಯ ಕೇಳಿದಾಗ ಮಂಗಳೂರಿನ ದಿವಾಕರ ಉತ್ತರಿಸಿದ. ಅಂದಿನಿಂದ ಹುಬ್ಬಳ್ಳಿಯ ಅವಳ ಮನೆಗೆ ಪ್ರತಿ ಸಂಜೆ ಅವನ ಫೋನು ಬರತೊಡಗಿತು. ಒಮ್ಮೆ ಕೀಲಿಕೈ ಬಿಸಾಡಿ ನೋಡಿ ಎಂದ, ಇನ್ನೊಮ್ಮೆ ಕುದುರೆಯಿಂದ ಇಳಿದು ನೋಡಿ ಎಂದ. ಅವನ ಉಪಾಯಗಳಿಗೆ ಬಾಗಿಲು ತೆರೆಯಲಿಲ್ಲ. ಮಾತು ಮಾತ್ರ ಆಟ ಬಿಟ್ಟು ಊಟ, ಊರು, ಇಬ್ಬರ ಮುರಿದ ಮದುವೆಗಳವರೆಗೂ ಹೋಯಿತು.

ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ಅವನ ದನಿ ತಡವರಿಸಿತು.

“ಬೈಯಬೇಡಿ ಮಾರಾಯ್ರೆ. ಆ ಬಾಗಿಲು ತೆಗೆಯುವ ಉಪಾಯ ನನಗೆ ಮೊದಲ ದಿನವೇ ಗೊತ್ತಿತ್ತು.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರೆ ನೀವು ಆಮೇಲೆ ಫೋನ್ ಎತ್ತುವುದಿಲ್ಲ ಅಂತ ಹೆದರಿಕೆ ಆಯ್ತು.”

ಸುವರ್ಣಾ ಜೋರಾಗಿ ನಕ್ಕುಬಿಟ್ಟಳು.

“ನಾ ಆ ಆಟ ಮುಗಿಸಿ ತಿಂಗಳಾತ್ರೀ.”