ಖಾಲಿ ಕೋಣೆಯ ಸದ್ದು

"ಅದೊಂದನ್ನ ಕತ್ತರಿಸಿಬಿಡಮ್ಮ," ತಾಯಿ ಬಾಗಿಲಲ್ಲೇ ನಿಂತು ಹೇಳಿದರು. "ಕೆಲಸ ಬಿಟ್ಟೆ ಅಂದ್ನಲ್ಲ, ಅಷ್ಟು ಮಾತ್ರ."

ಪಾಡ್‌ಕಾಸ್ಟಿನ ಹುಡುಗಿ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. ತಾವೇ ಹಾಡು ಬರೆದು ತಾವೇ ಹಾಡುವ ಊರಿನವರನ್ನು ಹುಡುಕಿ ಮಾತಾಡಿಸುವುದು ಅವಳ ಕಾರ್ಯಕ್ರಮ. ಇವತ್ತಿನ ಗಾಯಕನ ಹೆಸರು ಏಕಾಂಗಿ. ಅದು ಅವನೇ ಇಟ್ಟುಕೊಂಡದ್ದು, ಮನೆಯಲ್ಲಿ ಪಾಪು. ಹೊರಗಿನ ಸದ್ದು ಬಾರದಿರಲೆಂದು ಕಿಟಕಿಗೆ ಹಾಸಿಗೆ ಒರಗಿಸಿದ್ದರು. ಫ್ಯಾನು, ಫ್ರಿಜ್ಜು ಎರಡೂ ಆಫ್. ಗೋಡೆ ಗಡಿಯಾರ ಟವೆಲ್ ಸುತ್ತಿಕೊಂಡು ಬೀರುವಿನಲ್ಲಿ ಮಲಗಿತ್ತು. ಏಕಾಂಗಿಯ ಮೂಗಿನ ತುದಿಯಿಂದ ಬೆವರು ಗಿಟಾರಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಆಂಟಿ, ಇಡೀ ಸಂದರ್ಶನದ ಜೀವಾನೇ ಅದು. ಹಾಡಿಗೋಸ್ಕರ ವಿಮೆ ಆಫೀಸಿನ ಕೆಲಸ ಬಿಟ್ಟವರು ಎಷ್ಟು ಜನ ಸಿಗ್ತಾರೆ?"

"ಅದರ ಜೀವ ಉಳಿಸಿದ್ರೆ ಇವನ ಜೀವ ಹೋಗತ್ತೆ. ಇವರಪ್ಪಂಗೆ ಇನ್ನೂ ಗೊತ್ತಿಲ್ಲ."

"ನಾನೇ ಹೇಳ್ತೀನಿ ಅಂದೆನಲ್ಲಮ್ಮ," ಏಕಾಂಗಿ ಗೊಣಗಿದ.

"ಯಾವಾಗಪ್ಪಾ? ಮೂರು ತಿಂಗಳಾಯ್ತು. ದಿನಾ ಟೈ ಕಟ್ಕೊಂಡು, ಡಬ್ಬಿ ತಗೊಂಡು ಹೊರಡ್ತಾನಮ್ಮ. ಪಾರ್ಕಲ್ಲಿ ಕೂತು ತಿಂದು ಬರ್ತಾನೆ. ಅದರ ಮೇಲೂ ಒಂದು ಹಾಡು ಬರೆದಿದ್ದಾನೆ."

"ಅಪ್ಪ ಪಾಡ್‌ಕಾಸ್ಟ್ ಎಲ್ಲಾ ಕೇಳಲ್ಲ."

"ಅವರ ಶಾಲೆ ಹುಡುಗರು ಕೇಳ್ತಾರಲ್ಲ! ಶುಕ್ರವಾರ ಇದು ಬಂದ್ರೆ, ಸೋಮವಾರ ಮೈದಾನದಲ್ಲಿ ಅವರಿಗೇ ಹಾಡಿ ತೋರಿಸ್ತಾರೆ."

ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತಿತು. ಆಮೇಲೆ ಬಂದದ್ದು ತಂದೆಯಲ್ಲ, ಅವರ ದನಿ. "ಗೇಟ್ ಯಾರು ತೆಗೆದಿಟ್ಟಿದ್ದು? ಫ್ರಿಜ್ ಯಾಕೆ ಸತ್ತಿದೆ? ಇದೇನು ನೀರಾ, ಕಷಾಯಾನಾ?" ಅವರು ಡ್ರಿಲ್ ಮೇಷ್ಟ್ರು. ಶಾಲೆಯವರು ಅವರಿಗೊಂದು ಪೀಪಿ ಕೊಟ್ಟಿದ್ದರು. ಅದನ್ನು ಊದುವ ಅಗತ್ಯ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ರೆಕಾರ್ಡರಿನಲ್ಲಿ ಸದ್ದಿನ ಅಳತೆ ತೋರಿಸುವ ಮುಳ್ಳು ಕೆಂಪಿಗೆ ಹಾರಿ ಅಲ್ಲೇ ಕೂತಿತು. ನಿಮ್ಮ ಹಾಡುಗಳೆಲ್ಲ ಮೌನದ ಕುರಿತೇ ಯಾಕೆ ಎಂದು ಹುಡುಗಿ ಒಂದು ಗಂಟೆಯಿಂದ ಸುತ್ತಿ ಬಳಸಿ ಕೇಳುತ್ತಿದ್ದಳು. ಈಗ ಉತ್ತರ ಸಿಕ್ಕಿತು.

"ಹಾಸಿಗೆ ಯಾಕೆ ಕಿಟಕಿ ಹತ್ತಿದೆ?" ಮೇಷ್ಟ್ರು ಕೋಣೆಗೆ ಬಂದರು.

"ಇವರ ಹಾಡಿನ ಬಗ್ಗೆ ರೆಕಾರ್ಡಿಂಗ್ ಅಂಕಲ್. ಮುಗೀತು. ಖಾಲಿ ಕೋಣೆಯ ಸದ್ದು ಒಂದು ನಿಮಿಷ ಹಿಡ್ಕೊಂಡ್ರೆ ಹೊರಟೆ."

"ಖಾಲಿ ಕೋಣೆಗೆ ಎಂಥ ಸದ್ದು?"

"ಪ್ರತಿ ಕೋಣೆಗೂ ಒಂದಿರತ್ತೆ. ಮಾತು ಕತ್ತರಿಸಿದ ಕಡೆ ಅದನ್ನ ಅಂಟಿಸಿದ್ರೆ ತೇಪೆ ಗೊತ್ತಾಗಲ್ಲ. ರೆಕಾರ್ಡರಿನ ಈ ಕೆಂಪು ದೀಪ ಹತ್ತಿ ಆರೋವರೆಗೂ ಯಾರೂ ತುಟಿ ಬಿಚ್ಚೋ ಹಾಗಿಲ್ಲ, ಅಷ್ಟೆ."

ತಾಯಿ ದೀಪವನ್ನು ನೋಡಿದರು. ಗಂಡನನ್ನು ನೋಡಿದರು. "ಇವರೂ ಬಿಚ್ಚೋ ಹಾಗಿಲ್ವಾ?"

"ಯಾರೂ, ಆಂಟಿ."

"ಹಾಗಾದ್ರೆ ಇವರನ್ನ ಹೊರಗೆ ಕಳಿಸು. ಇವರ ಕೈಲಿ ಆಗಲ್ಲ."

"ಏನಂದೆ?" ಮೇಷ್ಟ್ರ ಎದೆ ಉಬ್ಬಿತು. "ಇಡೀ ಶಾಲೆನ ಬಿಸಿಲಲ್ಲಿ ಮಿಸುಕದ ಹಾಗೆ ನಿಲ್ಲಿಸಿದವನು ಕಣೇ ನಾನು! ಒಂದು ನಿಮಿಷ ಏನು ಮಹಾ? ಹತ್ತಿಸಮ್ಮ ನಿನ್ನ ದೀಪ." ಹಿಮ್ಮಡಿ ಜೋಡಿಸಿ ಅಟೆನ್ಷನ್ನಿನಲ್ಲಿ ನಿಂತರು.

ಹುಡುಗಿಯ ಬೆರಳು ಗುಂಡಿಯ ಮೇಲಿತ್ತು. ತಾಯಿ ಅವಳ ಭುಜ ಹಿಡಿದರು.

"ರೀ, ನಿಮ್ಮ ಮಗ ಕೆಲಸ ಬಿಟ್ಟು ಮೂರು ತಿಂಗಳಾಯ್ತು," ಎಂದರು. "ಹೂಂ, ಈಗ ಒತ್ತಮ್ಮ."

ಕೆಂಪು ದೀಪ ಹತ್ತಿತು.

ಮೇಷ್ಟ್ರ ಬಾಯಿ ತೆರೆಯಿತು. ಕಣ್ಣು ದೀಪದ ಮೇಲೆ ಬಿತ್ತು. ಬಾಯಿ ಮುಚ್ಚಿತು. ಮುಖ ದೀಪದ ಬಣ್ಣಕ್ಕೆ ತಿರುಗಿತು, ಕತ್ತಿನ ನರ ಹಗ್ಗದ ಹಾಗೆ ಎದ್ದಿತು, ಹಿಮ್ಮಡಿ ಮಾತ್ರ ಕದಲಲಿಲ್ಲ. ಏಕಾಂಗಿ ಗಿಟಾರಿನ ತಂತಿಗಳನ್ನು ಮೊದಲ ಸಲ ಕಂಡವನಂತೆ ನೋಡುತ್ತಿದ್ದ. ಹೆಡ್‌ಫೋನಿನಲ್ಲಿ ಹುಡುಗಿಗೆ ಬೇರೇನೂ ಕೇಳುತ್ತಿರಲಿಲ್ಲ, ಮೇಷ್ಟ್ರ ಮೂಗಿನಿಂದ ಹೊರಡುವ ಬಿರುಗಾಳಿಯೊಂದೇ. ತಾಯಿ ಬಾಗಿಲಿಗೆ ಆರಾಮಾಗಿ ಒರಗಿದ್ದರು. ನಿಮಿಷ ಮುಗಿದು ಹುಡುಗಿಯ ಬೆರಳು ಗುಂಡಿಯತ್ತ ಹೋದಾಗ ಅವರು ತಲೆಯಾಡಿಸಿ ಬೇಡವೆಂದರು. ಇನ್ನೊಂದು ನಿಮಿಷ ಹೋಯಿತು. ಬಿರುಗಾಳಿ ನಿಧಾನವಾಗಿ ಗಾಳಿಯಾಯಿತು. ಮೇಷ್ಟ್ರು ದೀಪ ಬಿಟ್ಟು ಮಗನನ್ನು ನೋಡತೊಡಗಿದ್ದರು. ಬಯ್ಯದೆ ಅಷ್ಟು ಹೊತ್ತು ಅವನನ್ನು ನೋಡಿ ಅವರಿಗೆ ಅಭ್ಯಾಸವಿರಲಿಲ್ಲ. ಯಾವ ಕಡೆಯಿಂದ ಶುರು ಮಾಡಬೇಕೆಂದು ತಿಳಿಯದವರಂತೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು.

ದೀಪ ಆರಿತು. ಮಗ ಕಣ್ಣು ಮುಚ್ಚಿಕೊಂಡ.

"ಮತ್ತೆ, ಡಬ್ಬಿ ಎಲ್ಲಿ ಕೂತು ತಿಂತಿದ್ದೆ?" ಮೇಷ್ಟ್ರು ಕೇಳಿದರು. ದನಿ ಕೋಣೆ ದಾಟಲಿಲ್ಲ.

"ಪಾರ್ಕಲ್ಲಿ."

"ಬಿಸಿಲಲ್ಲಾ?"

"ಮರ ಇದೆ."

ಮೇಷ್ಟ್ರು ಹಣೆ ಒರೆಸಿಕೊಂಡರು. "ಫ್ಯಾನ್ ಹಾಕೋ, ಕತ್ತೆ!"

ಮುಳ್ಳು ಮತ್ತೆ ಕೆಂಪಿಗೆ ಹಾರಿತು.

ಕೆಲಸ ಬಿಟ್ಟ ಮಾತನ್ನು ಹುಡುಗಿ ಕತ್ತರಿಸಲಿಲ್ಲ. ಉಳಿದ ಕಡೆ ಕತ್ತರಿಸಿದ್ದಕ್ಕೆಲ್ಲ ಅಂಟಿಸಲು ಅವಳ ಬಳಿ ಇದ್ದದ್ದು ಖಾಲಿ ಕೋಣೆಯ ಆ ಎರಡು ನಿಮಿಷ ಮಾತ್ರ, ಅದನ್ನೇ ಅಂಟಿಸಿದಳು. ಶುಕ್ರವಾರ ಕಂತು ಹೊರಬಂತು. ಕೆಳಗೆ ಮೊದಲ ಕೇಳುಗ ಬರೆದಿದ್ದ: "ಹಾಡು ಪರವಾಗಿಲ್ಲ. ಮಾತಿನ ನಡುನಡುವೆ ಭುಸ್ ಭುಸ್ ಅಂತ ಬರುತ್ತಲ್ಲ, ಅದು ಯಾವ ವಾದ್ಯ? ನುಡಿಸಿದವರನ್ನೂ ಒಂದು ಸಲ ಮಾತಾಡಿಸಿ."